ಸದ್ದು ಮಾಡದ ಹಾರ್ಡ್ ಡಿಸ್ಕ್

ಕೇಳುಗರೆಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಈಚೆಗೆ ಮೇಷ್ಟ್ರೊಬ್ಬರು ಅಂಗಡಿಗೆ ಬಂದರು. ಒಂದು ಕೈಯಲ್ಲಿ ಹಳೆಯ ಪಿಸಿ, ಇನ್ನೊಂದರಲ್ಲಿ 8 ಟಿಬಿಯ ಹೊಸ ಹಾರ್ಡ್ ಡಿಸ್ಕ್. "ಮೊದಲನೇದು ಡೆಡ್ ಅಂತ ವಾಪಸ್ ಕೊಟ್ಟು ಇದನ್ನ ತಂದೆ. ಇದೂ ಹಾಗೇ ಇದೆ ನೋಡಿ" ಅಂದರು. ಪಾಪ, ಮುಖ ಬಾಡಿತ್ತು.

ಎರಡು ಹೊಸ ಡಿಸ್ಕ್ ಒಂದರ ಹಿಂದೊಂದು ಸಾಯೋದು ಅಪರೂಪ ಅಲ್ವಾ? ನನಗೆ ಪಿಸಿಯ ಮೇಲೇ ಅನುಮಾನ ಬಂತು. ಪಿಸಿ ಆನ್ ಮಾಡಿ ಡಿಸ್ಕ್ ಮೇಲೆ ಅಂಗೈ ಇಟ್ಟೆ. ಒಳಗಿನ ತಟ್ಟೆ ತಿರುಗುತ್ತಿದ್ದರೆ ಸಣ್ಣ ನಡುಕ ಕೈಗೆ ತಿಳಿಯುತ್ತದೆ. ಏನೂ ಇಲ್ಲ. ಅದನ್ನೇ ನನ್ನ ಮೇಜಿನ ಹೊಸ ಎಸ್‌ಎಂಪಿಎಸ್‌ಗೆ, ಅಂದರೆ ಪಿಸಿಗೆ ಕರೆಂಟ್ ಕೊಡುವ ಡಬ್ಬಿಗೆ ಸಿಕ್ಕಿಸಿದೆ. ಗುಂಯ್ ಎಂದು ತಿರುಗತೊಡಗಿತು!

ಮೇಷ್ಟ್ರ ಎಸ್‌ಎಂಪಿಎಸ್‌ನ ಡಿಸ್ಕ್‌ಗೆ ಕರೆಂಟ್ ಒಯ್ಯುವ ಸಾಟಾ ಪವರ್ ಕೇಬಲ್‌ನಲ್ಲಿ ಐದು ತಂತಿ ಇದ್ದವು. ನನ್ನದರಲ್ಲಿ ನಾಲ್ಕೇ. ಹೆಚ್ಚಿಗೆ ಇದ್ದದ್ದು ಕಿತ್ತಳೆ ಬಣ್ಣದ್ದು. ಅದು 3.3 ವೋಲ್ಟ್‌ನ ತಂತಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 15 ಪಿನ್ ಇವೆ. ಮೊದಲ ಮೂರು ಪಿನ್ ಈ 3.3 ವೋಲ್ಟ್‌ಗೆ ಮೀಸಲಾಗಿದ್ದವು, ಆದರೆ ಸಾಮಾನ್ಯ ಡಿಸ್ಕ್‌ಗಳು ಅವನ್ನು ಬಳಸುತ್ತಲೇ ಇರಲಿಲ್ಲ. 2016ರಲ್ಲಿ ಬಂದ ಸಾಟಾ ನಿಯಮದ 3.3 ಆವೃತ್ತಿ ಮೂರನೇ ಪಿನ್‌ಗೆ ಬೇರೆ ಕೆಲಸ ಕೊಟ್ಟಿತು. ಅಲ್ಲಿ ಕರೆಂಟ್ ಬಂದರೆ ಡಿಸ್ಕ್ ಆಫ್ ಆಗಬೇಕು. ಸರ್ವರ್ ಕೋಣೆಯಲ್ಲಿ ಹ್ಯಾಂಗ್ ಆದ ಡಿಸ್ಕನ್ನು ಕೈಯಿಂದ ಕೀಳದೆ ದೂರದಿಂದಲೇ ಆಫ್ ಮಾಡಿ ಆನ್ ಮಾಡಲು ಈ ಏರ್ಪಾಡು. ಹಳೆಯ ಎಸ್‌ಎಂಪಿಎಸ್‌ಗೆ ಇದೆಲ್ಲ ಏನು ಗೊತ್ತು? ಅದು 3.3 ವೋಲ್ಟ್ ಕೊಡುತ್ತಲೇ ಇರುತ್ತದೆ, ಡಿಸ್ಕ್ ಏಳುವುದೇ ಇಲ್ಲ. ಎಲ್ಲ ಡಿಸ್ಕ್‌ನಲ್ಲೂ ಹೀಗಿಲ್ಲ. ಸರ್ವರ್‌ಗೆಂದು ಮಾಡಿದ ದೊಡ್ಡ ಡಿಸ್ಕ್‌ಗಳಲ್ಲಿ ಜಾಸ್ತಿ.

ಮೋಲೆಕ್ಸ್ ಎಂಬ ಹಳೆಯ ಬಗೆಯ ಪವರ್ ಪ್ಲಗ್‌ನಿಂದ ಸಾಟಾಕ್ಕೆ ಬದಲಿಸುವ ಕನೆಕ್ಟರ್ ಹಾಕಿದೆ. ಅದರಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಬರುತ್ತವೆ. ಇದನ್ನು ಕೊಳ್ಳುವಾಗ ಮಾತ್ರ ದಯವಿಟ್ಟು ಅಗ್ಗದ್ದು ನೋಡಬೇಡಿ. ತಂತಿಯ ಮೇಲೇ ಪ್ಲಾಸ್ಟಿಕ್ ಎರಕ ಹೊಯ್ದ ಕಳಪೆ ಕನೆಕ್ಟರ್ ಒಳಗೊಳಗೇ ಶಾರ್ಟ್ ಆಗಿ ಸುಟ್ಟುಹೋಗುವುದುಂಟು.

ಡಿಸ್ಕ್ ತಿರುಗಿತು. ಮೇಷ್ಟ್ರೂ ಅಂಗೈ ಇಟ್ಟು ನೋಡಿದರು, ನಕ್ಕರು. ಆದರೆ ವಿಂಡೋಸ್‌ನಲ್ಲಿ ಬಳಕೆಗೆ ಸಿಕ್ಕಿದ್ದು 2 ಟಿಬಿಯಷ್ಟೇ. ಡಿಸ್ಕನ್ನು ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ತಯಾರು ಮಾಡಿಬಿಟ್ಟಿದ್ದೆವು. ಅದರ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಿಸಿದ ಮೇಲೆ ಪೂರ್ತಿ ಜಾಗ ಸಿಕ್ಕಿತು. ಡಿಸ್ಕ್ ಖಾಲಿ ಇದ್ದದ್ದು ಒಳ್ಳೆಯದಾಯಿತು. ಹಾಗೆ ಬದಲಿಸಬೇಕಾದರೆ ಸಾಮಾನ್ಯವಾಗಿ ಅದರಲ್ಲಿರುವ ಪಾರ್ಟಿಶನ್ ಎಂಬ ವಿಭಾಗ‌ಗಳನ್ನೆಲ್ಲ ಫೈಲ್ ಸಮೇತ ಅಳಿಸಬೇಕಾಗುತ್ತದೆ. ಮೇಷ್ಟ್ರು ಮಕ್ಕಳ ಫೋಟೋಗಳನ್ನು ಇನ್ನೂ ತುಂಬಿರಲಿಲ್ಲ.