ಹಾಡ್ತಿರೋದು ಯಾರು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿಕೊಂಡು, ಇಷ್ಟು ಗದ್ದಲದ ಸಂಗೀತದ ಬಗ್ಗೆ ಕೇಳೋಕೆ ಇಷ್ಟು ಜನ ಬಂದಿದ್ದೀರಿ. ಸಂತೋಷ. ಹಿಂದಿನ ಸಾಲಿನ ಹಿರಿಯರಿಗೆ ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಒಂದೇ ಒಂದು ಹಾಡು ಹಾಕುತ್ತೇನೆ. ಅದೂ ಮೆತ್ತಗಿನದೇ. ಹೆದರಬೇಡಿ.

ಆಲಿಸ್ ಇನ್ ಚೈನ್ಸ್ ಅನ್ನುವ ರಾಕ್ ಬ್ಯಾಂಡ್ ನನಗೆ ಸಿಕ್ಕಿದ್ದು ಕಾಪಿ ಮಾಡಿಸಿದ ಒಂದು ಕ್ಯಾಸೆಟ್‌ನಲ್ಲಿ. ರೆಕಾರ್ಡಿಂಗ್ ಅಂಗಡಿಯವನು ಬಾಲ್ ಪೆನ್ನಿನಲ್ಲಿ ಬರೀ 'ಆಲಿಸ್' ಅಂತ ಗೀಚಿದ್ದ. ಯಾರೋ ಹೆಂಗಸು ಹಾಡಿರಬೇಕು ಅಂದುಕೊಂಡೆ. ಪ್ಲೇ ಒತ್ತಿದ ತಕ್ಷಣ ಗಂಡಸಿನ ಚೀರಾಟ. ದುಡ್ಡು ದಂಡ ಆಯ್ತು ಅಂತ ಆಫ್ ಮಾಡಿಟ್ಟೆ. ಒಂದು ವಾರ ಬಿಟ್ಟು ಮತ್ತೆ ಹಾಕಿದೆ, ಆಮೇಲೆ ಅದು ಟೇಪ್ ರೆಕಾರ್ಡರಿನಿಂದ ಹೊರಗೆ ಬರಲೇ ಇಲ್ಲ. ಎಷ್ಟೋ ದಿನ ಅದರಲ್ಲಿ ಹಾಡುತ್ತಿರುವುದು ಒಬ್ಬನೇ ಅಂತ ನಂಬಿದ್ದೆ. ಇಬ್ಬರು ಅಂತ ಗೊತ್ತಾದ ದಿನ, ಮತ್ತೆ ಮೊದಲಿಂದ ಕೇಳಬೇಕಾಯಿತು. ಇವತ್ತು ನನಗೆ ಹೇಳೋಕಿರುವುದೂ ಅಷ್ಟೇ. ಈ ಬ್ಯಾಂಡಿನ ಸೆಳೆತ ಇರುವುದು ಆ ಎರಡನೇ ದನಿಯಲ್ಲಿ.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಅಮೆರಿಕದ ಸಿಯಾಟಲ್, 1987. ಲೇನ್ ಸ್ಟೇಲಿ ಗಾಯಕ, ಜೆರ್ರಿ ಕ್ಯಾಂಟ್ರೆಲ್ ಗಿಟಾರ್ ಮತ್ತು ಹಾಡು, ಶಾನ್ ಕಿನ್ನಿ ಡ್ರಮ್ಸ್, ಮೈಕ್ ಸ್ಟಾರ್ ಬೇಸ್ ಗಿಟಾರ್. ಹೆಸರು ಸ್ಟೇಲಿಯ ಹಳೇ ಬ್ಯಾಂಡಿನದು. ಆ ಬ್ಯಾಂಡಿನಲ್ಲೂ ಆಲಿಸ್ ಅನ್ನುವವಳು ಇರಲಿಲ್ಲ ಬಿಡಿ. ಮೊದಲ ಆಲ್ಬಂ 'ಫೇಸ್‌ಲಿಫ್ಟ್' 1990ರಲ್ಲಿ ಬಂತು. ನಿರ್ವಾಣ ಅನ್ನುವ ಬ್ಯಾಂಡಿನ 'ನೆವರ್‌ಮೈಂಡ್' ಬಂದದ್ದು ಅದಾಗಿ ಒಂದು ವರ್ಷಕ್ಕೆ. ಆಮೇಲೆ ಸಿಯಾಟಲ್‌ನಿಂದ ಯಾವ ಬ್ಯಾಂಡ್ ಬಂದರೂ ಅದಕ್ಕೆ 'ಗ್ರಂಜ್' ಅನ್ನುವ ಚೀಟಿ ಅಂಟಿಸಿದರು. ಗ್ರಂಜ್ ಅಂದರೆ ಕೊಳೆ. ಇವರ ಎರಡನೇ ಆಲ್ಬಂ ಹೆಸರು 'ಡರ್ಟ್', ಅದೂ ಕೊಳೆಯೇ. 1992ರ ಸೆಪ್ಟೆಂಬರಿನಲ್ಲಿ ಬಂದದ್ದು. ನನ್ನ ಕ್ಯಾಸೆಟ್‌ನಲ್ಲಿ ಇದ್ದದ್ದು ಇದೇ.

ಅಭಿಮಾನಿಗಳು ನಾಲ್ಕು ಜನ ಸೇರಿದರೆ ಮೊದಲ ಜಗಳ ಇದೇ: ಇದು ಗ್ರಂಜಾ, ಇಲ್ಲಾ ಮೆಟಲ್ ಅನ್ನುವ ಇನ್ನೂ ಗಡುಸಾದ ರಾಕಾ? 1991ರಲ್ಲಿ ಇವರನ್ನು ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಅನ್ನುವ ಮೆಟಲ್ ಬ್ಯಾಂಡುಗಳ ಜೊತೆ ಪ್ರವಾಸಕ್ಕೆ ಕಳಿಸಿದರು. ಆ ಬ್ಯಾಂಡುಗಳ ವೇಗಕ್ಕೆ ಒಗ್ಗಿದ್ದ ಜನ ಇವರ ನಿಧಾನದ ಹಾಡು ಕೇಳಿ ರೇಗಿದರು, ಕೈಗೆ ಸಿಕ್ಕಿದ್ದನ್ನೆಲ್ಲ ವೇದಿಕೆಗೆ ಎಸೆದರು. ಮೆಟಲ್‌ನವರು ಇವರನ್ನು ನಮ್ಮವರಲ್ಲ ಅಂದರು, ಗ್ರಂಜ್‌ನವರು ಮೆಟಲ್ ಜಾಸ್ತಿ ಆಯ್ತು ಅಂದರು. ನನ್ನ ಪ್ರಕಾರ ಆ ಜಗಳವೇ ದಂಡ. ಬೇರೆಯವರಲ್ಲಿ ಇಲ್ಲದ್ದು ಇವರಲ್ಲಿ ಏನಿದೆ ಅಂತ ಕೇಳಿದರೆ ಸುಲಭವಾಗಿ ಉತ್ತರ ಸಿಗುತ್ತೆ.

'ಡರ್ಟ್'ನ ಮೊದಲ ಹಾಡು 'ದೆಮ್ ಬೋನ್ಸ್' ತಗೊಳ್ಳಿ. ಎರಡೂವರೆ ನಿಮಿಷದ ಹಾಡು. ಪಲ್ಲವಿ ಬರುವ ತನಕ ಇದು ಏಳು ಎಣಿಕೆಯಲ್ಲಿ ಓಡುತ್ತೆ. ರಾಕ್ ಕೇಳುವವರಿಗೆ ನಾಲ್ಕರ ಎಣಿಕೆ ಅಭ್ಯಾಸ, ಇಲ್ಲಿ ಕಾಲು ಜಾರಿದ ಹಾಗೆ ಅನ್ನಿಸುತ್ತೆ. ನಮಗೆ ಅಷ್ಟು ಕಷ್ಟ ಇಲ್ಲ, ಅಲ್ವಾ? ತಕಿಟ ತಕಧಿಮಿ, ತಕಿಟ ತಕಧಿಮಿ. ಮಿಶ್ರ ಛಾಪು ಕೇಳಿದ ಕಿವಿಗೆ ಏಳು ಹೊಸದಲ್ಲ. ಮುಂದಿನ ಸಾಲಿನ ಮೃದಂಗದ ಹುಡುಗ ಆಗಲೇ ತೊಡೆ ತಟ್ಟುತ್ತಿದ್ದಾನೆ, ನೋಡಿ. ಪಲ್ಲವಿಗೆ ಬಂದಾಗ ನಾಲ್ಕಕ್ಕೆ ಇಳಿಯುತ್ತೆ, ಅಲ್ಲಿ ಉಸಿರು ಬಿಡಬಹುದು.

ನಮಗೆ ಹೊಸದು ಬೇರೆ ಇದೆ. ನಮ್ಮ ಕಛೇರಿಯಲ್ಲಿ ಇಬ್ಬರು ಕೂತು ಹಾಡಿದರೆ ಒಂದೇ ಸ್ವರ ಹಿಡಿಯುತ್ತಾರೆ, ಇಲ್ಲವೇ ಒಬ್ಬರಾದ ಮೇಲೆ ಒಬ್ಬರು. ಇಲ್ಲಿ ಇಬ್ಬರೂ ಒಂದೇ ಸಾಹಿತ್ಯ, ಒಂದೇ ಗಳಿಗೆ, ಸ್ವರ ಮಾತ್ರ ಬೇರೆ. ಒಬ್ಬ ಷಡ್ಜದಲ್ಲಿದ್ದರೆ ಇನ್ನೊಬ್ಬ ಗಾಂಧಾರದಲ್ಲಿ ಅಂತ ಇಟ್ಟುಕೊಳ್ಳಿ. ಪಾಶ್ಚಾತ್ಯ ಸಂಗೀತದಲ್ಲಿ ಇದು ಹಳೇ ವಿದ್ಯೆ, ಹಾಡನ್ನು ಸಿಹಿ ಮಾಡೋಕೆ ಬಳಸುತ್ತಾರೆ. ಇವರು ಅದನ್ನೇ ಕಹಿ ಮಾಡೋಕೆ ಬಳಸಿದರು. ಕೇಳೋಕೆ ಹಿತವಾದ ಜೋಡಿಯ ಪಕ್ಕದಲ್ಲೇ ಒಂದಕ್ಕೊಂದು ಉಜ್ಜಾಡುವ ಸ್ವರ ಇಟ್ಟರು. ಸ್ಟೇಲಿಯದು ಮೂಗಿನಿಂದ ಕೊರೆದುಕೊಂಡು ಬರುವ ದನಿ. ಕ್ಯಾಂಟ್ರೆಲ್‌ದು ಸ್ವಲ್ಪ ಮೆತ್ತಗೆ, ತಣ್ಣಗೆ. ಎರಡೂ ಬೆರೆತಾಗ ಇಬ್ಬರದೂ ಅಲ್ಲದ ಮೂರನೇ ದನಿ ಹುಟ್ಟುತ್ತೆ. ನಾನು ಒಬ್ಬನೇ ಅಂತ ಮೋಸ ಹೋದದ್ದು ಅದಕ್ಕೇ.

'ರೂಸ್ಟರ್' ಅನ್ನುವ ಹಾಡು ಇದೆ. ರೂಸ್ಟರ್ ಅಂದರೆ ಹುಂಜ, ಕ್ಯಾಂಟ್ರೆಲ್‌ನ ಅಪ್ಪನ ಅಡ್ಡಹೆಸರು. ಅಪ್ಪ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಬಂದ ಮೇಲೆ ಅದರ ಬಗ್ಗೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಮಗ ದೊಡ್ಡವನಾದ ಮೇಲೆ ಅಪ್ಪನ ಜಾಗದಲ್ಲಿ ನಿಂತು, 'ನಾನು' ಅಂತಲೇ ಹಾಡು ಬರೆದ. ಹಾಡೋಕೆ ಮಾತ್ರ ಸ್ಟೇಲಿಗೆ ಕೊಟ್ಟ. ಅಪ್ಪನ ಅನುಭವ, ಮಗನ ಮಾತು, ಗೆಳೆಯನ ಗಂಟಲು. ಹಿಂದೆ ಮಗನ ದನಿ ಮೆಲ್ಲಗೆ ಊ ಅನ್ನುತ್ತಿರುತ್ತೆ. ವಿಡಿಯೋದಲ್ಲಿ ಅಪ್ಪನೇ ಕೂತು ಮಾತಾಡುತ್ತಾರೆ. ನಮ್ಮಲ್ಲೂ ಬಾಯಿ ಬಿಡದ ಅಪ್ಪಂದಿರಿಗೆ ಬರ ಇಲ್ಲ. ನಾನು ಈ ಹಾಡನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳೋದು, ಯಾಕೆ ಅಂತ ಕೇಳಬೇಡಿ.

ಈಗ ಇಷ್ಟವಿಲ್ಲದ ಮಾತು. 'ಡರ್ಟ್'ನಲ್ಲಿ ಹೆರಾಯಿನ್ ಅನ್ನುವ ಮಾದಕದ ಮಾತು ತುಂಬಾ ಇದೆ. ಸ್ಟೇಲಿ ಅದರಲ್ಲಿ ಮುಳುಗಿದ್ದ, ಮುಚ್ಚಿಡದೆ ಹಾಡಿದ. ಆಮೇಲೆ ಏನಾಯ್ತು ಅಂದರೆ, ಕೆಲವು ಅಭಿಮಾನಿಗಳು ಅವನ ಹತ್ತಿರ ಬಂದು ಹೆಬ್ಬೆರಳು ಎತ್ತಿ ತೋರಿಸಿ, ನಾವೂ ಏರಿಸಿಕೊಂಡೇ ಬಂದಿದ್ದೀವಿ ಅಂತ ಖುಷಿಯಿಂದ ಹೇಳುತ್ತಿದ್ದರಂತೆ. ಯಾವುದು ಆಗಬಾರದು ಅಂತ ಅಂದುಕೊಂಡಿದ್ದೆನೋ ಅದೇ ಆಯಿತು ಅಂತ 1996ರಲ್ಲಿ ಒಂದು ಸಂದರ್ಶನದಲ್ಲಿ ಅವನೇ ಹೇಳಿಕೊಂಡ. ಅಭಿಮಾನಿಗಳು ಅಂದರೆ ನಾವೇ ತಾನೇ. ಅವನ ನೋವು ನಮಗೆ ಇಂಪಾಗಿ ಕೇಳಿಸಿತು, ಅದನ್ನು ಒಪ್ಪಿಕೊಳ್ಳದೆ ಈ ಬ್ಯಾಂಡಿನ ಬಗ್ಗೆ ಮಾತಾಡೋಕೆ ನನಗೆ ಆಗಲ್ಲ.

1994ರ ಜನವರಿಯಲ್ಲಿ 'ಜಾರ್ ಆಫ್ ಫ್ಲೈಸ್' ಬಂತು. ಏಳೇ ಹಾಡು, ಹೆಚ್ಚು ಪಾಲು ಅಬ್ಬರ ಇಲ್ಲದ್ದು. ಪ್ರವಾಸ ಮುಗಿಸಿ ಬಂದವರು ಸ್ಟುಡಿಯೋದಲ್ಲಿ ಒಂದು ವಾರದ ಆಸುಪಾಸಿನಲ್ಲಿ ಕಟ್ಟಿ ರೆಕಾರ್ಡ್ ಮಾಡಿದ್ದು. ಅಷ್ಟು ಹೊತ್ತಿಗೆ ಮೈಕ್ ಸ್ಟಾರ್ ಹೋಗಿ ಮೈಕ್ ಐನೆಜ್ ಬೇಸಿಗೆ ಬಂದಿದ್ದ. ಪೂರ್ತಿ ಆಲ್ಬಂ ಅಲ್ಲದ ಇಂಥ ಇ.ಪಿ. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ನೇರವಾಗಿ ಒಂದನೇ ಜಾಗಕ್ಕೆ ಬಂದದ್ದು ಅದೇ ಮೊದಲು. 'ಡರ್ಟ್' ಮೇಲಾ ಇದು ಮೇಲಾ ಅನ್ನೋದು ಅಭಿಮಾನಿಗಳ ಎರಡನೇ ಜಗಳ. ನನ್ನ ಓಟು ಇದಕ್ಕೆ. ಗದ್ದಲ ತೆಗೆದ ಮೇಲೆ ಆ ಎರಡು ದನಿಗೆ ಬಚ್ಚಿಟ್ಟುಕೊಳ್ಳೋಕೆ ಜಾಗ ಇರಲ್ಲ.

ಇನ್ನು 1996ರ ಏಪ್ರಿಲ್ 10. ನ್ಯೂಯಾರ್ಕಿನ ಬ್ರೂಕ್ಲಿನ್, ಮೆಜೆಸ್ಟಿಕ್ ಥಿಯೇಟರ್, ಎಂಟಿವಿ ಚಾನೆಲ್ಲಿನ 'ಅನ್‌ಪ್ಲಗ್ಡ್', ಅಂದರೆ ಎಲೆಕ್ಟ್ರಿಕ್ ಗಿಟಾರಿನ ಗದ್ದಲ ಇಲ್ಲದೆ ಹಾಡುವ ಕಾರ್ಯಕ್ರಮ. ಎರಡು ವರ್ಷಕ್ಕೂ ಮೇಲಾಗಿತ್ತು ಇವರು ಪೂರ್ತಿ ಕಾರ್ಯಕ್ರಮ ಕೊಟ್ಟು. ಕ್ಯಾಂಟ್ರೆಲ್‌ಗೆ ಹೊಟ್ಟೆ ಕೆಟ್ಟಿತ್ತು, ತಿಂದ ಹಾಟ್‌ಡಾಗ್ ಕೈಕೊಟ್ಟಿತ್ತು. ಸ್ಟೇಲಿ ತೀರಾ ಸೊರಗಿದ್ದ, ಕೂದಲಿಗೆ ಗುಲಾಬಿ ಬಣ್ಣ, ಕಣ್ಣಿಗೆ ಕಪ್ಪು ಕನ್ನಡಕ. 'ಸ್ಲಜ್ ಫ್ಯಾಕ್ಟರಿ' ಹಾಡುವಾಗ ಸಾಲು ತಪ್ಪಿದ, ನಿಲ್ಲಿಸಿ ಮತ್ತೆ ಶುರು ಮಾಡಿದರು. ಆ ವಿಡಿಯೋ ನೋಡುವಾಗ ನೀವು ಸ್ಟೇಲಿಯನ್ನೇ ನೋಡುತ್ತೀರಿ, ಎಲ್ಲರೂ ಹಾಗೇ. ಮುಂದಿನ ಸಲ ಕ್ಯಾಂಟ್ರೆಲ್‌ನ ಕಣ್ಣು ನೋಡಿ. ಗಿಟಾರ್ ನುಡಿಸುತ್ತಾ ಆಗಾಗ ಪಕ್ಕಕ್ಕೆ ತಿರುಗುತ್ತಾನೆ. ಅದು ತಾಳಕ್ಕೆ ತಿರುಗೋದೂ ಇರಬಹುದು. ನನಗೆ ಹಾಗೆ ಕಾಣಲ್ಲ.

ಸ್ಟೇಲಿ 2002ರ ಏಪ್ರಿಲ್ 5ರಂದು ತೀರಿಕೊಂಡ. 34 ವರ್ಷ. ಒಬ್ಬನೇ ಇದ್ದ, ಗೊತ್ತಾದದ್ದು ಎರಡು ವಾರದ ಮೇಲೆ.

ಆಮೇಲೆ ಉಳಿದವರು ವಿಲಿಯಂ ಡುವಾಲ್ ಅನ್ನುವ ಗಾಯಕನನ್ನು ಸೇರಿಸಿಕೊಂಡು 2009ರಲ್ಲಿ ಮತ್ತೆ ಆಲ್ಬಂ ಮಾಡಿದರು. ಮೂರನೇ ಜಗಳ ಇದರದು, ಸ್ಟೇಲಿ ಇಲ್ಲದ್ದು ಆಲಿಸ್ ಇನ್ ಚೈನ್ಸೇ ಅಲ್ಲ ಅನ್ನುವವರು ಇದ್ದಾರೆ. ಆ ಆಲ್ಬಂನ ಕೊನೆಯ ಹಾಡು ಸ್ಟೇಲಿಗಾಗಿಯೇ ಬರೆದದ್ದು. ಅದರಲ್ಲಿ ಪಿಯಾನೋ ನುಡಿಸಿರುವುದು ಇಂಗ್ಲೆಂಡಿನ ಹೆಸರಾಂತ ಗಾಯಕ ಎಲ್ಟನ್ ಜಾನ್. ಸ್ಟೇಲಿ ಜೀವನದಲ್ಲಿ ಮೊದಲು ನೋಡಿದ ಸಂಗೀತ ಕಾರ್ಯಕ್ರಮ ಎಲ್ಟನ್ ಜಾನ್‌ದಂತೆ. ಇದು ಗೊತ್ತಾದ ಮೇಲೆ ಆ ಜಗಳದಲ್ಲಿ ನಾನು ಬಾಯಿ ಹಾಕಿಲ್ಲ.

ಸಮಯ ಆಯ್ತು ಅಂತ ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಹೇಳಿದ ಹಾಗೆ ಒಂದು ಹಾಡು, 'ನೋ ಎಕ್ಸ್‌ಕ್ಯೂಸಸ್', 'ಜಾರ್ ಆಫ್ ಫ್ಲೈಸ್'ನದು. ಮೊದಲು ಕಿನ್ನಿಯ ಡ್ರಮ್ಸ್ ಬರುತ್ತೆ, ಆಮೇಲೆ ಗಿಟಾರ್, ಆಮೇಲೆ ಇಬ್ಬರೂ ಒಟ್ಟಿಗೆ. ಯಾವ ದನಿ ಯಾರದು ಅಂತ ಗೊತ್ತಾದವರು ಕೈ ಎತ್ತಿ. ತಮ್ಮಾ, ಆ ಫ್ಯಾನ್ ಸ್ವಲ್ಪ ಆಫ್ ಮಾಡ್ತೀಯಾ?