ನಾಲ್ಕು ಗಂಟೆಯ ಮೊದಲನೇ ಚೀಟಿ

ಈಗ ನೀವು ನೋಡುತ್ತಿರುವುದು ಮುಂಬಯಿಯ ಘಾಟ್‌ಕೋಪರಿನಲ್ಲಿರುವ ನಮ್ಮ ಮಾವನ ಹೋಟೆಲಿನ ಅಟ್ಟ. ಕ್ಯಾಮೆರಾ ಅಲುಗುತ್ತಿದೆ, ಸಹಿಸಿಕೊಳ್ಳಿ. ಇನ್ನೊಂದು ಕೈಯಲ್ಲಿ ಏಣಿ ಹಿಡಿದಿದ್ದೇನೆ. ಅಕ್ಕಿ ಮೂಟೆ, ಹಳೇ ಗ್ರೈಂಡರಿನ ಕಲ್ಲು, ಗಣಪತಿ ಹಬ್ಬದ ಲೈಟಿನ ಸರ. ಅದರ ಹಿಂದೆ, ಹಳೇ ಕಾಲದ ವಿಸಿಆರ್‌ನಷ್ಟು ದೊಡ್ಡದಾದ ಕಪ್ಪು ಪೆಟ್ಟಿಗೆ ಇದೆಯಲ್ಲ, ಅದೇ ಹೋಟೆಲಿನ ಬಿಲ್ಲಿಂಗ್ ಸರ್ವರ್. ಸೆಕೆಂಡ್ ಹ್ಯಾಂಡ್ ಮಾಲು. ಅದಕ್ಕೆ ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನು ನಾನು. ಹಾಗಾಗಿ ಕೆಟ್ಟಾಗ ಬೈಸಿಕೊಳ್ಳುವವನೂ ನಾನೇ.

ವ್ಯವಸ್ಥೆ ಸಣ್ಣದು. ಹುಡುಗರು ಮೊಬೈಲಿನಲ್ಲಿ ಆರ್ಡರ್ ಒತ್ತುತ್ತಾರೆ. ಅದು ಈ ಪೆಟ್ಟಿಗೆಗೆ ಬರುತ್ತದೆ. ಇಲ್ಲಿಂದ ಕೇಬಲ್ ಮೂಲಕ ಅಡುಗೆ ಮನೆಯ ಪ್ರಿಂಟರಿನ 9100ನೇ ಪೋರ್ಟಿಗೆ ಹೋಗುತ್ತದೆ. ಕರ್ರ್ ಅಂತ ಚೀಟಿ ಹೊರಗೆ ಬರುತ್ತದೆ. ಹೋಟೆಲಿನವರು ಅದನ್ನು ಕೆಒಟಿ, ಅಂದರೆ ಕಿಚನ್ ಆರ್ಡರ್ ಟಿಕೆಟ್, ಅನ್ನುತ್ತಾರೆ. ಭಟ್ರು ಮಾತ್ರ ಚೀಟಿ ಅನ್ನುವುದು.

ಜೂನ್‌ನಲ್ಲಿ ಹಾಕಿದ್ದು. ಎರಡನೇ ವಾರಕ್ಕೇ ಮಾವನ ಫೋನ್ ಬಂತು.

"ಹ್ವಾಯ್ ಮಾಣಿ, ನಿನ್ ಪೆಟ್ಟಿ ಮನಿಕಂಡಿತ್ ಕಾಣ್."

ಕುಂದಾಪುರದ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ: ಪೆಟ್ಟಿಗೆ ಮಲಗಿಕೊಂಡಿದೆ ಅಂತ ಅರ್ಥ. ಮಾವ ಮೊದಲ ದಿನವೇ ಹೇಳಿದ ಈ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ನೆಟ್‌ವರ್ಕ್ ಸತ್ತ ಯಂತ್ರಕ್ಕೆ ಮನೆಯಲ್ಲಿ ಕೂತು ಎಸ್‌ಎಸ್‌ಎಚ್ ಮಾಡುವ, ಅಂದರೆ ದೂರದಿಂದ ಲಾಗಿನ್ ಆಗುವ, ಹಾಗಿಲ್ಲ, ಅಲ್ವಾ. ನಾನಿರುವುದು ಡೊಂಬಿವಲಿಯಲ್ಲಿ. ಲೋಕಲ್ ಹಿಡಿದು ಬರಲೇಬೇಕು. ಬಂದು ನೋಡಿದರೆ ಯಂತ್ರ ಜೀವಂತವಾಗಿಯೇ ಇದೆ. ಮಾನಿಟರ್ ಹಾಕಿದರೆ ಲಾಗಿನ್ ಆಗುತ್ತದೆ, ಡಿಸ್ಕ್ ಓಡುತ್ತದೆ, ಕೇಬಲ್ ಸಿಕ್ಕಿಸುವ ಜಾಗದಲ್ಲಿ ಹಸಿರು ಲೈಟ್ ಕೂಡ ಉರಿಯುತ್ತದೆ. ಆದರೆ ಒಂದೇ ಒಂದು ಪ್ಯಾಕೆಟ್, ಅಂದರೆ ಡೇಟಾದ ತುಂಡು, ಹೊರಗೆ ಹೋಗುವುದಿಲ್ಲ, ಒಳಗೆ ಬರುವುದಿಲ್ಲ. ರೀಬೂಟ್ ಮಾಡಿದೆ. ಹಾಗೇ ಇತ್ತು. ಇನ್ನೊಮ್ಮೆ ಮಾಡಿದೆ. ಹಾಗೇ.

ಗೋಡೆಯ ಸ್ವಿಚ್ ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿದೆ ನೋಡಿ, ಎದ್ದು ಕೂತಿತು.

ಇದಕ್ಕೆ ಕಾರಣ ಇದೆ. ಕಂಪ್ಯೂಟರ್ ಆಫ್ ಮಾಡಿದರೂ ನೆಟ್‌ವರ್ಕ್ ಕಾರ್ಡಿಗೆ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತದೆ. ದೂರದಿಂದಲೇ ಯಂತ್ರವನ್ನು ಎಬ್ಬಿಸುವ ವೇಕ್ ಆನ್ ಲ್ಯಾನ್ ಸೌಲಭ್ಯಕ್ಕೆ ಅದು ಬೇಕು. ಚಿಪ್ಪಿನ ಒಳಗೆ ಏನಾದರೂ ಸಿಕ್ಕಿಹಾಕಿಕೊಂಡರೆ ಕೆಲವೊಮ್ಮೆ ರೀಬೂಟ್ ಅದನ್ನು ಮುಟ್ಟುವುದೇ ಇಲ್ಲ. 2013ರಲ್ಲಿ ಇಂಟೆಲ್‌ನ 82574ಎಲ್ ಕಾರ್ಡಿನಲ್ಲೂ ಇಂಥದೊಂದು ಸುದ್ದಿಯಾಗಿತ್ತು. ಪ್ಯಾಕೆಟ್ಟಿನ ಒಂದು ನಿರ್ದಿಷ್ಟ ಜಾಗದಲ್ಲಿ ಒಂದು ನಿರ್ದಿಷ್ಟ ಬೈಟ್ ಬಂದರೆ ಸಾಕು, ಕಾರ್ಡ್ ಖಲ್ಲಾಸ್. ಕರೆಂಟ್ ಪೂರ್ತಿ ತೆಗೆಯುವವರೆಗೂ ಏಳುತ್ತಿರಲಿಲ್ಲ. ಒಬ್ಬ ಮದರ್‌ಬೋರ್ಡ್ ತಯಾರಕ ಕಾರ್ಡಿನ ಸೆಟ್ಟಿಂಗ್ ಉಳಿಸಿಡುವ ಇಇಪ್ರಾಮ್ ಮೆಮೊರಿಯಲ್ಲಿ ತಪ್ಪು ತುಂಬಿಸಿದ್ದೇ ಕಾರಣ ಅಂತ ಇಂಟೆಲ್ ಆಮೇಲೆ ಹೇಳಿತು. ನನ್ನದು ಆ ಕಾರ್ಡ್ ಅಲ್ಲ. ಯಾವುದು ಅಂತ ಹೇಳುವುದಿಲ್ಲ, ಸುಮ್ನೆ ಯಾಕೆ ಒಂದು ಕಂಪನಿಯ ಮೇಲೆ ಗೂಬೆ ಕೂರಿಸುವುದು.

ಆ ದಿನದಿಂದ ಮಾವನಿಗೆ ಉಪಾಯ ಸಿಕ್ಕಿತು. ನಿಂತರೆ ಸ್ವಿಚ್ ಆರಿಸು, ಹಾಕು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಹೀಗೆ ಧುತ್ತೆಂದು ಕರೆಂಟ್ ತೆಗೆದರೆ ಒಂದಲ್ಲ ಒಂದು ದಿನ ಡೇಟಾಬೇಸ್ ಕೈಕೊಡುತ್ತದೆ.

ಲಾಗ್, ಅಂದರೆ ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಾಖಲೆ, ತೆಗೆದೆ. ಹಿಂದಿನ ಬೂಟಿನಲ್ಲಿ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬರೆದ ಲಾಗ್ ನೋಡುವ ಕಮಾಂಡ್ ಸ್ಕ್ರೀನ್ ಮೇಲಿದೆ: ಜರ್ನಲ್‌ಸಿಟಿಎಲ್, ಮೈನಸ್ ಕೆ, ಮೈನಸ್ ಬಿ, ಮೈನಸ್ 1. ಅಲ್ಲಿ ಸಿಕ್ಕಿದ್ದು ಈ ಸಾಲು: ನೆಟ್‌ಡೆವ್ ವಾಚ್‌ಡಾಗ್, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್. ಇದನ್ನು ಹೋಟೆಲ್ ಭಾಷೆಯಲ್ಲಿ ಹೇಳುತ್ತೇನೆ. ಅಡುಗೆ ಮನೆಯ ಕಟ್ಟೆಯ ಮೇಲೆ ಭಟ್ರು ಪ್ಲೇಟ್ ಇಡುತ್ತಾ ಹೋಗುತ್ತಾರೆ, ಹುಡುಗ ಎತ್ತಿಕೊಂಡು ಹೋಗಬೇಕು. ಕರ್ನಲ್ಲು ಭಟ್ರು, ಕಾರ್ಡು ಹುಡುಗ. ಕಟ್ಟೆ ತುಂಬಿದರೂ ಪ್ಲೇಟ್ ಎತ್ತುವವರು ಯಾರೂ ಇಲ್ಲ ಅಂದರೆ ಭಟ್ರು ಸ್ವಲ್ಪ ಹೊತ್ತು ಕಾಯುತ್ತಾರೆ. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಬೇರೆ ಲೆಕ್ಕ ಕೊಡದಿದ್ದರೆ 5 ಸೆಕೆಂಡ್. ಆಮೇಲೆ ಬೊಬ್ಬೆ. ಆ ಬೊಬ್ಬೆಯೇ ಈ ಸಾಲು. ಹುಡುಗ ಯಾಕೆ ಬರಲಿಲ್ಲ ಅನ್ನುವುದನ್ನು ಅದು ಹೇಳುವುದಿಲ್ಲ.

ಮಾವನ ಫೋನ್ ಯಾವಾಗಲೂ ನಾಲ್ಕು ಗಂಟೆಗೆ. ಸಂಜೆಯ ಚಹಾ, ಗೋಳಿಬಜೆ ಶುರುವಾಗುವ ಹೊತ್ತು. ರಶ್ ಆದಾಗ ಕಾರ್ಡ್ ತಡೆಯುತ್ತಿಲ್ಲ ಅಂತ ನಾನು ತೀರ್ಮಾನಿಸಿಬಿಟ್ಟೆ. ಈ ಒಂದು ತೀರ್ಮಾನ ನನ್ನ ಮೂರು ಭಾನುವಾರಗಳನ್ನು ತಿಂದಿತು. ಅದರಲ್ಲಿ ಎರಡು ಭಾನುವಾರ ಸೆಂಟ್ರಲ್ ಲೈನಿನಲ್ಲಿ ರೈಲು ಹಳಿ ದುರಸ್ತಿಯ ಮೆಗಾ ಬ್ಲಾಕ್ ಬೇರೆ.

ಕೇಬಲ್ ಬದಲಿಸಿದೆ, ಅಟ್ಟದಲ್ಲಿ ಇಲಿ ಇದೆ ಅಂತ ಅನುಮಾನ. ಕೇಬಲ್‌ಗಳೆಲ್ಲ ಸೇರುವ ನೆಟ್‌ವರ್ಕ್ ಸ್ವಿಚ್ ಬದಲಿಸಿದೆ. ಶೆಕೆ ಇರಬಹುದು ಅಂತ ಟೇಬಲ್ ಫ್ಯಾನ್ ಇಟ್ಟೆ. ಅದನ್ನು ಎರಡೇ ದಿನದಲ್ಲಿ ಮಾವ ಗಲ್ಲಾಪೆಟ್ಟಿಗೆಯ ಹತ್ತಿರ ತಂದಿಟ್ಟುಕೊಂಡರು.

ಆಮೇಲೆ ಕಾರ್ಡಿನ ಸೆಟ್ಟಿಂಗ್ ಬದಲಿಸುವ ಎತ್‌ಟೂಲ್ ಹಿಡಿದುಕೊಂಡು ಕೂತೆ. ಟಿಎಸ್ಒ ಅಂತ ಒಂದಿದೆ. ಸಾಮಾನ್ಯವಾಗಿ ಒಂದು ಪ್ಯಾಕೆಟ್ ಅಂದರೆ 1500 ಬೈಟ್. ದೊಡ್ಡ ಡೇಟಾವನ್ನು ಅಷ್ಟಷ್ಟೇ ತುಂಡು ಮಾಡುವ ಕೆಲಸ ಕರ್ನಲ್ಲಿನದು. ಟಿಎಸ್ಒ ಇದ್ದರೆ ಕರ್ನಲ್ 64 ಕೆಬಿ ತನಕ ಒಟ್ಟಿಗೇ ಕಾರ್ಡಿಗೆ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಹಿಟ್ಟಿನ ಪಾತ್ರೆಯನ್ನೇ ಕೊಟ್ಟು, ಇಡ್ಲಿ ನೀನೇ ಹೊಯ್ದುಕೋ ಅಂದ ಹಾಗೆ. ಅಗ್ಗದ ಚಿಪ್ಪುಗಳು ಇದರಲ್ಲಿ ಎಡವುವುದುಂಟು. ಆರಿಸಿದೆ. ಅದರ ಅಣ್ಣತಮ್ಮಂದಿರಾದ ಜಿಎಸ್ಒ, ಚೆಕ್‌ಸಮ್ ಆಫ್‌ಲೋಡ್ ಎಲ್ಲವನ್ನೂ ಆರಿಸಿದೆ. ನಾಲ್ಕು ದಿನ ಸುಮ್ಮನಿತ್ತು. ಗೆದ್ದೆ ಅಂತ ತಂಗಿಗೆ ಮೆಸೇಜ್ ಕೂಡ ಹಾಕಿದೆ. ಐದನೇ ದಿನ ನಾಲ್ಕು ಗಂಟೆಗೆ, "ಮಾಣಿ, ಮನಿಕಂಡಿತ್."

ಬೇರೆ ಕಾರ್ಡನ್ನೇ ಹಾಕಿಬಿಡೋಣ ಅಂತ ದಾದರಿನಲ್ಲಿ ಲೈನ್ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಈ ಕ್ಲಿಪ್ ಅಲ್ಲಿಯದೇ. ಒಳ್ಳೆಯ ಕಾರ್ಡ್ ಸಿಕ್ಕಿತು, ಚೌಕಾಸಿಯೂ ಆಯಿತು. ತಂದು ನೋಡಿದರೆ ಕಾರ್ಡು ಉದ್ದ, ಪೆಟ್ಟಿಗೆ ಗಿಡ್ಡ. ತೆಳ್ಳಗಿನ ಪೆಟ್ಟಿಗೆಗೆ ಲೋ ಪ್ರೊಫೈಲ್ ಕಾರ್ಡೇ ಬೇಕು ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ತಲೆ ಓಡಲಿಲ್ಲ ಅಷ್ಟೆ.

ಕೊನೆಗೆ ಲೋಡ್ ಕೊಟ್ಟು ಸಾಯಿಸಿಯೇ ನೋಡೋಣ ಅಂತ ನೆಟ್‌ವರ್ಕಿನ ವೇಗ ಅಳೆಯುವ ಐಪರ್ಫ್ ಓಡಿಸಿದೆ. ಎರಡು ಗಂಟೆ ಹೊತ್ತು ಕಾರ್ಡಿನ ಪೂರ್ತಿ ವೇಗದಲ್ಲಿ ಡೇಟಾ ಸುರಿದೆ. ಒಂದು ಪ್ಯಾಕೆಟ್ ಕೂಡ ತಪ್ಪಲಿಲ್ಲ. ಅಡುಗೆ ಮನೆಯ ಮೆಟ್ಟಿಲ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದೆ. ಭಟ್ರು ಚಹಾ ತಂದುಕೊಟ್ಟರು. ಊರಿನಿಂದ ಹುಡುಗನಾಗಿದ್ದಾಗಲೇ ಬಂದವರು, ಹಗಲು ಕಪ್ಪುಬಶಿ ತೊಳೆದು ರಾತ್ರಿ ಮುಂಬಯಿಯ ಕೋಟೆ (ಫೋರ್ಟ್) ವಿಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರು ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ.

"ರಶ್ಶಲ್ಲಿ ಅದು ಒಂದು ದಿವಸವೂ ನಿಂತದ್ದಿಲ್ಲ ಮಾರಾಯ. ಮಧ್ಯಾಹ್ನ ಒಂದೂವರೆಗೆ ಚೀಟಿ ಹರಿದು ಹರಿದು ಕೈ ನೋಯ್ತದೆ. ನಾವೆಲ್ಲ ಒಂದು ಗಳಿಗೆ ಮಲಗಿ ಏಳ್ತೇವಲ್ಲ, ಆಮೇಲಿನ ಮೊದಲನೇ ಚೀಟಿ ಬರುದಿಲ್ಲ."

ಚಹಾ ಅಲ್ಲೇ ಬಿಟ್ಟು ಏಣಿ ಹತ್ತಿದೆ. ಲಾಗಿನಲ್ಲಿ ಸಾಲನ್ನು ನೋಡಿದ್ದೆ, ಗಂಟೆಯನ್ನು ನೋಡಿರಲಿಲ್ಲ. ಸ್ಕ್ರೀನ್ ಮೇಲೆ ಹಾಕಿದ್ದೇನೆ: 3:26, 3:41, 3:33, 3:19. ವಾಚ್‌ಡಾಗ್ ಬೊಗಳಿದ್ದೆಲ್ಲ ಹೋಟೆಲು ಖಾಲಿ ಇದ್ದಾಗ. ಜನರಿಗೆ ಗೊತ್ತಾಗುತ್ತಿದ್ದದ್ದು ನಾಲ್ಕಕ್ಕೆ, ಅಷ್ಟೆ. ರಾತ್ರಿ ಯಾಕೆ ಹೀಗಾಗುತ್ತಿರಲಿಲ್ಲ? ಬಾಗಿಲು ಹಾಕುವಾಗ ಮಾವ ಯಂತ್ರವನ್ನೂ ಬಂದ್ ಮಾಡಿಯೇ ಹೋಗುವುದು. ದಿನಕ್ಕೆ ಅದಕ್ಕೆ ಬಿಡುವು ಅಂತ ಸಿಗುವುದು ಆ ಒಂದೇ ಗಂಟೆ.

ಮುಂದಿನ ಸಲ ನಿಂತಾಗ ಸ್ವಿಚ್ ಮುಟ್ಟಬೇಡಿ, ನಾನು ಬರುವ ತನಕ ಚೀಟಿ ಕೈಯಲ್ಲೇ ಬರೆಯಿರಿ ಅಂತ ಮಾವನಿಗೆ ಕೈಮುಗಿದು ಹೇಳಿದೆ. ಬರೆದರು. ಬಂದು, ಮದರ್‌ಬೋರ್ಡಿಗೆ ಸೇರಿದ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಓಡಿಸಿದೆ. ಕಾರ್ಡಿನ ಹೆಸರಿನ ಮುಂದೆ ರಿವಿಷನ್ ಎಫ್‌ಎಫ್ ಅಂತ ತೋರಿಸಿತು. ಇನ್ನಷ್ಟು ವಿವರ ಕೇಳಿದರೆ ಅನ್‌ನೋನ್ ಹೆಡರ್ ಟೈಪ್ 7ಎಫ್. ಇದನ್ನು ಕಂಡರೆ ನಿಲ್ಲಿ. ಉತ್ತರ ಕೊಡದ ಪಿಸಿಐ ಸಾಧನವನ್ನು ಏನೇ ಕೇಳಿದರೂ ಎಲ್ಲ ಬಿಟ್‌ಗಳೂ 1 ಆಗಿಯೇ ಬರುತ್ತವೆ, ಅಂದರೆ ಎಫ್‌ಎಫ್. ಅಲ್ಲಿಗೆ ತೊಂದರೆ ನೆಟ್‌ವರ್ಕಿನದ್ದಲ್ಲ. ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಪಿಸಿಐ ಎಕ್ಸ್‌ಪ್ರೆಸ್ ದಾರಿಯೇ ಕಡಿದುಹೋಗಿದೆ. ನಾನು ಇಷ್ಟು ದಿನ ಬೀದಿಯಲ್ಲಿ ಹುಡುಕುತ್ತಿದ್ದೆ, ಬಾಗಿಲು ಮುಚ್ಚಿದ್ದು ಮನೆಯೊಳಗೆ.

ಎಫ್‌ಎಫ್ ನೋಡಿ ಒಂದು ನಿಮಿಷ ಎದೆ ಧಸಕ್ಕೆಂದಿತು ಅನ್ನುವುದು ನಿಜ. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳು ಕೆಲವು ಇಂಟೆಲ್ ಕಾರ್ಡುಗಳ ಸೆಟ್ಟಿಂಗ್ ಉಳಿಸಿಡುವ ಮೆಮೊರಿಯಾದ ಎನ್‌ವಿರ‍್ಯಾಮ್ ಅನ್ನೇ ಹಾಳು ಮಾಡಿದ್ದವು. ಎಲ್ಲರೂ ಮೊದಲು ಅನುಮಾನಪಟ್ಟದ್ದು ಆ ಕಾರ್ಡುಗಳ ಇ1000ಇ ಡ್ರೈವರನ್ನು. ಕೊನೆಗೆ ಸಿಕ್ಕಿಬಿದ್ದದ್ದು ಎಫ್‌ಟ್ರೇಸ್, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಭಾಗ. ನನ್ನ ಕಾರ್ಡ್ ಸ್ವಿಚ್ ಆರಿಸಿ ಹಾಕಿದರೆ ಏಳುತ್ತಿತ್ತು, ಹಾಗಾಗಿ ಸತ್ತಿಲ್ಲ.

ಸರಿ, ಯಾರು ಬಾಗಿಲು ಮುಚ್ಚಿದ್ದು? ಎಎಸ್‌ಪಿಎಂ. ಆ್ಯಕ್ಟಿವ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್. ಕೆಲಸ ಇಲ್ಲದಾಗ ಪಿಸಿಐ ಎಕ್ಸ್‌ಪ್ರೆಸ್ ಲಿಂಕನ್ನು ನಿದ್ದೆಗೆ ಕಳಿಸಿ ಕರೆಂಟ್ ಉಳಿಸುವ ಏರ್ಪಾಡು. ಎಲ್0 ಅಂದರೆ ಎಚ್ಚರ. ಎಲ್0ಎಸ್ ಅಂದರೆ ತೂಕಡಿಕೆ. ಎಲ್1 ಅಂದರೆ ನಿದ್ದೆ. ಎಲ್1ರ ಒಳಗೆ ಇನ್ನೂ ಆಳದ 1.1, 1.2 ಅನ್ನುವ ಹಂತಗಳಿವೆ. ಕೆಲಸದ ನಡುವೆಯೂ ಲಿಂಕ್ ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಮಲಗಿ ಏಳುತ್ತಿರುತ್ತದೆ, ಅದರಿಂದ ತೊಂದರೆ ಇಲ್ಲ. ಯಂತ್ರ ಪೂರ್ತಿ ಸುಮ್ಮನಾದಾಗ ನಿದ್ದೆ ಆಳವಾಗುತ್ತದೆ. ನಮ್ಮ ಕಾರ್ಡು ಅಲ್ಲಿಗೆ ಹೋಗಿ ಕೆಲವು ದಿನ ವಾಪಸ್ ಬರುತ್ತಿರಲಿಲ್ಲ. ಮನಿಕಂಡಿತ್ ಕಾಣ್.

ಈಗ ಜಾಗ್ರತೆಯಿಂದ ಕೇಳಿ, ಇಲ್ಲಿ ಒಂದು ಹಳ್ಳ ಇದೆ, ನಾನೂ ಬಿದ್ದೆ. ಯಂತ್ರ ಏಳುವಾಗ ಕರ್ನಲ್ಲಿಗೆ ಕೊಡುವ ಸೂಚನೆಗಳ ಬೂಟ್ ಸಾಲಿಗೆ ಪಿಸಿಐಇ ಅಂಡರ್‌ಸ್ಕೋರ್ ಎಎಸ್‌ಪಿಎಂ ಈಕ್ವಲ್ಸ್ ಆಫ್ ಅಂತ ಸೇರಿಸಿದೆ. ಆಫ್ ಅಂದರೆ ಆಫ್ ಅಲ್ವಾ? ಅಲ್ಲ. ಮೂರನೇ ದಿನ ಮತ್ತೆ ನಿಂತಿತು. ಕರ್ನಲ್ ದಾಖಲೆ ಓದಿದಾಗ ಗೊತ್ತಾಯಿತು: ಅಲ್ಲಿ ಆಫ್ ಅಂದರೆ, ಕರ್ನಲ್ ಎಎಸ್‌ಪಿಎಂ ತಂಟೆಗೇ ಹೋಗುವುದಿಲ್ಲ ಅಂತ. ಯಂತ್ರ ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡುವ ಬಯೋಸ್ ಏನು ಮಾಡಿಟ್ಟಿದೆಯೋ ಅದು ಹಾಗೇ ಇರುತ್ತದೆ. ನಮ್ಮ ಬಯೋಸ್ ಎಲ್1 ಹಾಕಿಯೇ ಇಟ್ಟಿತ್ತು. ಎಲ್‌ಎಸ್‌ಪಿಸಿಐ ಮೈನಸ್ ವಿವಿ ಕೊಟ್ಟರೆ ಲಿಂಕ್ ಕಂಟ್ರೋಲ್ ಸಾಲಿನಲ್ಲಿ ಎಎಸ್‌ಪಿಎಂ ಎಲ್1 ಎನೇಬಲ್ಡ್ ಅಂತ ಢಾಳಾಗಿ ಕಾಣುತ್ತಿತ್ತು. ಈ ಹೆಸರಿಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಬೇಕಾದದ್ದು ಬೇರೆ: ಪಿಸಿಐಇ ಅಂಡರ್‌ಸ್ಕೋರ್ ಎಎಸ್‌ಪಿಎಂ, ಡಾಟ್, ಪಾಲಿಸಿ ಈಕ್ವಲ್ಸ್ ಪರ್ಫಾರ್ಮೆನ್ಸ್. ಇದು ಕರ್ನಲ್ಲಿಗೆ, ನೀನೇ ಕೈಹಾಕಿ ನಿದ್ದೆ ತಪ್ಪಿಸು ಅನ್ನುತ್ತದೆ. ಆ ಬೂಟ್ ಸಾಲು ಇರುವ ಗ್ರಬ್ ಫೈಲಿನಲ್ಲಿ ಆಫ್ ಅಳಿಸಿ ಇದನ್ನು ಬರೆದೆ, ಅಪ್‌ಡೇಟ್ ಗ್ರಬ್, ರೀಬೂಟ್. ಲಿಂಕ್ ಕಂಟ್ರೋಲ್ ಸಾಲು ಎಎಸ್‌ಪಿಎಂ ಡಿಸೇಬಲ್ಡ್ ಅಂದಿತು. ಟಿಎಸ್ಒ ಮತ್ತೆ ಹಾಕಿದೆ, ಅದರ ತಪ್ಪೇನೂ ಇರಲಿಲ್ಲ, ಪಾಪ.

ಮಾವ ಕೇಳಿದ್ದು ಒಂದೇ ಪ್ರಶ್ನೆ. ನಿದ್ದೆ ಮಾಡದಿದ್ದರೆ ಲೈಟ್ ಬಿಲ್ ಜಾಸ್ತಿ ಬರುವುದಿಲ್ಲವಾ? ಮೀಟರ್ ಹಚ್ಚಿ ನೋಡಿದೆ, ಎರಡು ವಾಟ್ ಹೆಚ್ಚು. ದಿನಕ್ಕೆ 15 ಗಂಟೆ ಓಡಿದರೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಯೂನಿಟ್. ಮಾವ ಲೆಕ್ಕ ಹಾಕಿ, ಒಂದು ಕಟಿಂಗ್ ಚಹಾದ ದುಡ್ಡು, ಹೋಗಲಿ ಬಿಡು ಅಂದರು.

ಈ ಕೊನೆಯ ಶಾಟ್ ನಿನ್ನೆ ತೆಗೆದದ್ದು. ಗಡಿಯಾರದಲ್ಲಿ ನಾಲ್ಕು ಹೊಡೆಯಲು ಎರಡು ನಿಮಿಷ. ಭಟ್ರು ಮುಖ ತೊಳೆದು ಬಂದು ಒಲೆ ಹಚ್ಚುತ್ತಿದ್ದಾರೆ. ಪ್ರಿಂಟರ್ ಕಡೆ ಯಾರೂ ನೋಡುತ್ತಿಲ್ಲ, ನಾನೊಬ್ಬನೇ. ಕರ್ರ್. ಟೇಬಲ್ 6, ಗೋಳಿಬಜೆ ಎರಡು, ಕಟಿಂಗ್ ಮೂರು. ಭಟ್ರು ಹರಿದು ಮೊಳೆಗೆ ಚುಚ್ಚಿದರು. ಲ್ಯಾಮಿಂಗ್ಟನ್ ರೋಡಿನ ಆ ಉದ್ದದ ಕಾರ್ಡ್ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ, ಯಾರಿಗಾದರೂ ಬೇಕಿದ್ದರೆ ಕಮೆಂಟಿನಲ್ಲಿ ಹೇಳಿ.