ಬುಡದಲ್ಲಿ ಎರಡಿಂಚು ಉಳಿಸಿ

ಕೇಳುಗರಿಗೆ ನಮಸ್ಕಾರ.

ಕಾಫಿ ಕೊಯ್ಲು ಮುಗಿಯುತ್ತಾ ಬಂತು. ಎಲ್ಲರೂ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದೀರಿ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಈಗ ಮರ ಕೊಯ್ಯುವ ಮೆಷಿನ್ ಸದ್ದು ಶುರುವಾಗುವ ಕಾಲ. ಸಿಲ್ವರ್ ಓಕ್ ವ್ಯಾಪಾರ ಕುದುರಿರುತ್ತದೆ. ಮಳೆ ಹಿಡಿಯುವ ಮೊದಲು ನಾಟಾ ರಸ್ತೆಗೆ ಬರಬೇಕು. ಅವಸರ ಅಲ್ಲಿಂದಲೇ ಶುರು.

ಮರ ಕಡಿಯುವುದು ಜಗತ್ತಿನಲ್ಲೇ ಬಹಳ ಅಪಾಯದ ಕೆಲಸಗಳಲ್ಲಿ ಒಂದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ಕೆಲಸಕ್ಕೆಂದೇ 1998ರಲ್ಲಿ ಸುರಕ್ಷತೆಯ ನಿಯಮಗಳನ್ನು ಹೊರತಂದಿತು. ನಮ್ಮಲ್ಲಿ ಸುರಕ್ಷತೆ ಅಂದ ಕೂಡಲೇ ಹೆಲ್ಮೆಟ್ ಮಾತು ಬರುತ್ತದೆ. ಹೆಲ್ಮೆಟ್ ಖಂಡಿತ ಬೇಕು. ಮೇಲಿಂದ ಒಣ ಕೊಂಬೆ ಬಿದ್ದರೆ ಅದು ತಡೆಯುತ್ತದೆ. ಆದರೆ ಇಡೀ ಮರವೇ ಮೈಮೇಲೆ ಬಂದರೆ ಅದೇನು ಮಾಡೀತು? ಆಗ ಲೆಕ್ಕಕ್ಕೆ ಬರುವುದು ಎರಡೇ: ಹೇಗೆ ಕೊಯ್ದಿರಿ, ಎಲ್ಲಿ ನಿಂತಿದ್ದಿರಿ.

ಮೊದಲು ಕೊಯ್ಯುವ ಕ್ರಮ. 20 ಇಂಚು ದಪ್ಪದ ಮರ ಅಂದುಕೊಳ್ಳಿ. ಯಾವ ಕಡೆ ಬೀಳಬೇಕೋ ಆ ಕಡೆ 4ರಿಂದ 5 ಇಂಚು ಆಳಕ್ಕೆ ಕಚ್ಚು ಹಾಕಬೇಕು. ಆಮೇಲೆ ಹಿಂದಿನಿಂದ ಕೊಯ್ಯಬೇಕು, ಕಚ್ಚಿನ ತಳಕ್ಕಿಂತ ಒಂದಿಂಚು ಮೇಲೆ. ಕಚ್ಚು ಸಿಗಲು ಇನ್ನು ಎರಡಿಂಚು ಇದೆ ಅನ್ನುವಾಗ ಮೆಷಿನ್ ನಿಲ್ಲಿಸಿಬಿಡಿ. ಆ ಎರಡಿಂಚು ಬಾಗಿಲಿನ ಕೀಲು ಇದ್ದ ಹಾಗೆ. ಮರ ಅದರ ಮೇಲೆ ತಿರುಗಿ, ನಿಧಾನಕ್ಕೆ, ಹೇಳಿದ ಕಡೆಗೇ ಬಾಗುತ್ತದೆ. ಬಾಗದಿದ್ದರೆ ಹಿಂದಿನ ಸೀಳಿಗೆ ಬೆಣೆ ಹೊಡೆಯಿರಿ. ಮರದ ಬೆಣೆಯೋ ಪ್ಲಾಸ್ಟಿಕ್ ಬೆಣೆಯೋ ಸಾಕು. ಕಬ್ಬಿಣದ್ದು ಬೇಡ, ಚೈನ್ ತಾಗಿದರೆ ಕಷ್ಟ.

ತಪ್ಪಾಗುವುದು ಇಲ್ಲೇ. ಮರ ಕದಲುತ್ತಿಲ್ಲ ಅಂತ ಆ ಎರಡಿಂಚನ್ನೂ ಕೊಯ್ದುಬಿಡುತ್ತಾರೆ. ಆಗ ಮರಕ್ಕೆ ಹಿಡಿತವೇ ಇಲ್ಲ. ಗಾಳಿ ಎತ್ತ ತಳ್ಳಿತೋ ಅತ್ತ. ಬುಡದ ಮೇಲೇ ಒಂದು ಸುತ್ತು ತಿರುಗಿ ಕೊಯ್ದವನ ಕಡೆಗೇ ಬರಬಹುದು. ಇನ್ನು, ಬೀಳುವ ದಿಕ್ಕಿಗೆ ಮೊದಲೇ ಜೋರಾಗಿ ವಾಲಿದ ಮರದ ಕಥೆ ಬೇರೆ. ಹಿಂದಿನಿಂದ ಸುಮ್ನೆ ಕೊಯ್ಯುತ್ತಾ ಹೋದರೆ ಅರ್ಧದಲ್ಲೇ ಬುಡದಿಂದ ಮೇಲಕ್ಕೆ ಸೀಳಿ, ಸೀಳಿದ ಹೋಳು ಎದೆಮಟ್ಟಕ್ಕೆ ಚಿಮ್ಮುತ್ತದೆ. ಅಂಥ ಮರವನ್ನು ಅದರಲ್ಲಿ ಪಳಗಿದವರಿಗೇ ಬಿಡಿ.

ಈಗ ನಿಲ್ಲುವ ಜಾಗ. ಮೆಷಿನ್ ಸ್ಟಾರ್ಟ್ ಮಾಡುವ ಮೊದಲೇ ಓಡುವ ದಾರಿ ಸವರಿ ಇಟ್ಟಿರಬೇಕು. ಬಳ್ಳಿ, ಕಾಫಿ ಗಿಡದ ರೆಂಬೆ, ಕಲ್ಲು ಕಾಲಿಗೆ ಸಿಗಬಾರದು. ಆ ದಾರಿ ಮರದ ನೇರ ಹಿಂದಕ್ಕೆ ಇರಬಾರದು, ಹಿಂದಕ್ಕೆ ಓರೆಯಾಗಿ ಇರಬೇಕು. ಯಾಕೆಂದರೆ ತುದಿ ನೆಲಕ್ಕೋ ಪಕ್ಕದ ಮರಕ್ಕೋ ಬಡಿದಾಗ ಬುಡ ನೇರ ಹಿಂದಕ್ಕೆ ಒದೆಯುತ್ತದೆ.

ಉಳಿದವರು ಎಲ್ಲಿರಬೇಕು? ಮರದ ಎತ್ತರದ ಎರಡು ಪಟ್ಟು ದೂರದಲ್ಲಿ. 60 ಅಡಿ ಮರ ಅಂದರೆ 120 ಅಡಿ. ಹಗ್ಗ ಎಳೆಯುವವರನ್ನು ನೋಡಿದಾಗ ನನಗೆ ಹೆಚ್ಚು ಭಯ. ಒಂದು ಲೆಕ್ಕ ಹೇಳುತ್ತೇನೆ. ಮರ 60 ಅಡಿ. ಹಗ್ಗ ಕಟ್ಟಿದ್ದು 40 ಅಡಿ ಎತ್ತರದಲ್ಲಿ. ಹಗ್ಗದ ಉದ್ದವೂ 60 ಅಡಿ. ಸಾಕಷ್ಟು ಉದ್ದ ಇದೆ ಅನಿಸುತ್ತದೆ, ಅಲ್ವಾ? ಆದರೆ ಹಗ್ಗ ಓರೆಯಾಗಿ ಇಳಿಯುತ್ತದೆ. ತುದಿ ಹಿಡಿದವರು ಬುಡದಿಂದ ಬರೀ 45 ಅಡಿ ದೂರದಲ್ಲಿ ನಿಂತಿರುತ್ತಾರೆ. ಮರವನ್ನು ತಮ್ಮ ಮೇಲೇ ಎಳೆದುಕೊಳ್ಳುತ್ತಿರುತ್ತಾರೆ! ಉದ್ದದ ಹಗ್ಗ ತರಿಸಿ. ಇಲ್ಲವೇ ಎದುರಿನ ಗಟ್ಟಿ ಮರಕ್ಕೆ ರಾಟೆ ಕಟ್ಟಿ, ಅಲ್ಲಿಂದ ಹಗ್ಗ ತಿರುಗಿಸಿ, ಪಕ್ಕಕ್ಕೆ ದೂರದಲ್ಲಿ ನಿಂತು ಎಳೆಯಿರಿ.

ತೋಟಗಳಿಗೆ ಈಗ ಅಸ್ಸಾಂ ಕಡೆಯಿಂದಲೂ ಜನ ಕೆಲಸಕ್ಕೆ ಬರುತ್ತಾರೆ. "ಓಡಿ, ಮರ ಬಂತು" ಅಂತ ಕನ್ನಡದಲ್ಲಿ ಕೂಗಿದರೆ ಅವರಿಗೆ ತಿಳಿಯಬೇಕಲ್ಲ? ಮೆಷಿನ್ ಸದ್ದಿನಲ್ಲಿ ಕನ್ನಡದವರಿಗೂ ಕೇಳಿಸುವುದಿಲ್ಲ. ಒಂದು ಸೀಟಿ ಇಟ್ಟುಕೊಳ್ಳಿ. ಸೀಟಿ ಊದಿದರೆ ಏನು ಅರ್ಥ ಅಂತ ಬೆಳಿಗ್ಗೆಯೇ ಎಲ್ಲರಿಗೂ ಹೇಳಿ.

ಬೀಳುವ ಮರ ಪಕ್ಕದ ಮರಕ್ಕೆ ಸಿಕ್ಕಿಕೊಂಡರೆ ಅದರ ಕೆಳಗೆ ಯಾರೂ ಹೋಗಬೇಡಿ. ಆಸರೆ ಕೊಟ್ಟ ಮರವನ್ನು ಕಡಿಯಲೇಬೇಡಿ. ದೂರದಿಂದ ಟ್ರ್ಯಾಕ್ಟರಿಗೋ ಕೈಯಲ್ಲಿ ತಿರುಗಿಸುವ ವಿಂಚಿಗೋ ಹಗ್ಗ ಕಟ್ಟಿ ಎಳೆಸಿ.

ಮೆಷಿನ್ ಬಗ್ಗೆ ಎರಡು ಮಾತು. ಚೈನ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಚೈನ್ ಸುತ್ತುವ ಉದ್ದನೆಯ ಪಟ್ಟಿ, ಅಂದರೆ ಬಾರಿನ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಮೆಷಿನ್ ಮುಖಕ್ಕೇ ಎಗರುತ್ತದೆ. ಅದಕ್ಕೇ ಚೈನ್ ಬ್ರೇಕ್ ಇರುವುದು. ಅದು ಕೆಟ್ಟಿದ್ದರೆ ಅವತ್ತು ಕೆಲಸ ಬೇಡ. ಹೆಗಲಿಗಿಂತ ಮೇಲೆ ಮೆಷಿನ್ ಎತ್ತಬೇಡಿ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಅಂತೂ ಬೇಡವೇ ಬೇಡ.

ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರಲು, ಅಲ್ಯೂಮಿನಿಯಂ ಏಣಿ ಒಯ್ಯುವವರು ಮೊದಲು ಮೇಲೆ ನೋಡಿ. ತೋಟದ ನಡುವೆ ಹಾದುಹೋಗುವ 11 ಕೆವಿ ಲೈನಿಗೆ ಏಣಿ ತಾಗಿ ಜೀವ ಹೋದ ಸುದ್ದಿ ಮತ್ತೆ ಮತ್ತೆ ಓದುತ್ತಲೇ ಇದ್ದೇವೆ. ಹಸಿ ಬಿದಿರು, ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಲೈನ್ ಹತ್ತಿರದ ಮರವಾದರೆ ಮೊದಲೇ ಲೈನ್‌ಮನ್‌ಗೆ ಹೇಳಿ, ಕರೆಂಟ್ ತೆಗೆಸಿ. ವಿದ್ಯುತ್ ಸಹಾಯವಾಣಿ 1912ಕ್ಕೂ ಫೋನ್ ಮಾಡಬಹುದು.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನವರಿಗೆ ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ ಕಾಟವೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಈ ಉಣುಗು ಕಚ್ಚಿಯೇ. ಅದು ಜಾಸ್ತಿ ಆಗುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ಮರ ಕಡಿಯುವ ಕಾಲದಲ್ಲೇ. ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು ಹೋಗಿ. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಗಾಯವಾದರೆ ಕಾಫಿಪುಡಿ ತುಂಬಬೇಡಿ. ಶುದ್ಧ ಬಟ್ಟೆ ಮಡಚಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಿರಿ, ಬಿಡಬೇಡಿ. 108ಕ್ಕೆ ಕರೆ ಮಾಡಲು ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಆಂಬ್ಯುಲೆನ್ಸ್ ಎಲ್ಲಿವರೆಗೆ ಬರುತ್ತದೆ ಅಂತ ಕೆಲಸ ಶುರುಮಾಡುವ ಮೊದಲೇ ನೋಡಿಟ್ಟಿರಿ.

ಕೊನೆಗೆ ತೋಟದ ಮಾಲೀಕರಿಗೆ. ಮರಕ್ಕೆ ಇಷ್ಟು ಅಂತ ಗುತ್ತಿಗೆ ಕೊಟ್ಟರೆ ಕಡಿಯುವವನು ಅವಸರ ಮಾಡದೆ ಇನ್ನೇನು ಮಾಡುತ್ತಾನೆ? ದಿನಗೂಲಿ ಲೆಕ್ಕದಲ್ಲಿ ಕೊಟ್ಟು ನೋಡಿ. ನಾಟಾ ಸಾಗಿಸಲು ಪಾಸ್ ಬೇಕಾ ಅಂತ ಹತ್ತು ಕಡೆ ವಿಚಾರಿಸುತ್ತೇವೆ. ಕಡಿಯುವವನಿಗೆ ವಿಮೆ ಇದೆಯಾ ಅಂತ ಕೇಳುವುದೇ ಇಲ್ಲ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ವಯಸ್ಸು 18ರಿಂದ 70. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಹೊಸ ವರ್ಷದ ವಿಮೆ ಜೂನ್ 1ಕ್ಕೆ ಶುರು. ಮೇ ಕೊನೆಗೆ ಬ್ಯಾಂಕ್ ಖಾತೆಯಲ್ಲಿ ಆ 20 ರೂಪಾಯಿ ಇರಬೇಕು. ನಾಮಿನಿ ಹೆಸರು ಸರಿಯಾಗಿ ಬರೆದಿದ್ದಾರಾ ಅಂತಲೂ ನೋಡಿಕೊಳ್ಳಿ.

ನಮಸ್ಕಾರ.